ಏಳು ಜನರಿಗೆ ಒಂದು ಹಲಗೆ

ಕೆಲಸ ಹಂಚಿಕೊಂಡರೆ ಹಗುರ ಎನ್ನುತ್ತೇವೆ. ಆದರೆ ಹಂಚಿದ ಕೆಲಸದ ಲೆಕ್ಕ ಇಡುವುದೇ ದೊಡ್ಡ ಕೆಲಸವಾಗಿಬಿಟ್ಟರೆ? ಮನೆಯಲ್ಲಿ ಒಂದು ಮದುವೆ ನಡೆಸಿದವರಿಗೆ ಇದು ಚೆನ್ನಾಗಿ ಗೊತ್ತು. ಪಟ್ಟಿ ಉದ್ದವಾದಷ್ಟೂ ಅದನ್ನು ನೋಡುವವರು ಕಡಿಮೆ. ನಮ್ಮ ಸಣ್ಣ ತಂಡಕ್ಕೆ ಆದ ಇಂಥದೇ ಅನುಭವವೊಂದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿದೆ.

ನಾವಿರುವುದು ತೆಲಂಗಾಣದ ನಾರಾಯಣಪೇಟೆಯಲ್ಲಿ. 2019ರಲ್ಲಿ ಜಿಲ್ಲಾ ಕೇಂದ್ರವಾದ ಈ ಊರು ಕರ್ನಾಟಕದ ಗಡಿಗೆ ಹತ್ತಿರ. ನಮ್ಮ ಮನೆಯೊಳಗೆ ಕನ್ನಡ, ಪೇಟೆಗೆ ಹೋದರೆ ತೆಲುಗು. ಮಖ್ತಲ್ ಹಾದು ಕೃಷ್ಣೆ ದಾಟಿದರೆ ಗದ್ವಾಲ. ಅದು 1956ರವರೆಗೆ ರಾಯಚೂರು ಜಿಲ್ಲೆಗೇ ಸೇರಿತ್ತು. ಎರಡೂ ಊರುಗಳ ಹೆಸರು ಸೀರೆಗಳಿಂದ ಪ್ರಸಿದ್ಧ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು, ಸೆರಗು ಕೂಡಿಸುವ ಗದ್ವಾಲ ಸೀರೆಗೆ 2010ರಲ್ಲಿ, ನಾರಾಯಣಪೇಟೆಯ ಕೈಮಗ್ಗದ ಸೀರೆಗೆ 2012ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ನಮ್ಮದು ಏಳು ಜನರ ತಂಡ. ನೂಲಿಗೆ ಬಣ್ಣ ಹಾಕುವ ಕಾಕಾ, ಹಾಸು ಹಾಕುವ ಅಕ್ಕ, ಗದ್ವಾಲದ ಒಬ್ಬರೂ ಸೇರಿ ಮೂವರು ನೇಕಾರರು, ಮಖ್ತಲ್‌ನಲ್ಲಿ ಸೀರೆ ಮಡಿಚಿ ಪಾರ್ಸೆಲ್ ಕಳಿಸುವ ತಮ್ಮ ಮತ್ತು ಲೆಕ್ಕ ಬರೆಯುವ ನಾನು. ದೂರದ ಊರುಗಳಿಂದ ಬೇಡಿಕೆ ಹೆಚ್ಚಿದಾಗ, ತಿಳಿದವರೊಬ್ಬರ ಸಲಹೆಯಂತೆ ಕೆಲಸ ನಿರ್ವಹಿಸುವ ದೊಡ್ಡ ತಂತ್ರಾಂಶವೊಂದನ್ನು ತಂದೆವು. ಪ್ರತಿ ಸೀರೆಗೂ ಆರಂಭದ ದಿನ, ಮುಗಿಯುವ ದಿನ, ಆದ ಗಂಟೆಗಳು, ಶೇಕಡಾವಾರು ಪ್ರಗತಿ, ಒಪ್ಪಿಗೆ ಕೊಡುವವರು ಹೀಗೆ ಹತ್ತಾರು ಮನೆಗಳನ್ನು ತುಂಬಬೇಕು. ಎಲ್ಲವೂ ಇಂಗ್ಲಿಷಿನಲ್ಲಿ. ಉಳಿದವರಿಗೆ ಅದು ಒಗ್ಗಲಿಲ್ಲ. ರಾತ್ರಿ ಊಟದ ಮೇಲೆ ಒಬ್ಬೊಬ್ಬರಿಗೂ ಫೋನು ಮಾಡಿ ನಾನೇ ತುಂಬುತ್ತಿದ್ದೆ.

ಇನ್ನೊಂದು ತೊಡಕಿತ್ತು. ನಾರಾಯಣಪೇಟೆಯ ಮಗ್ಗಕ್ಕೆ ಒಮ್ಮೆ ಹಾಸು ಏರಿಸಿದರೆ ಎಂಟು ಸೀರೆ ಇಳಿಯುತ್ತವೆ. ತಂತ್ರಾಂಶಕ್ಕೆ ಮಾತ್ರ ಅವು ಎಂಟು ಬೇರೆ ಬೇರೆ ಕೆಲಸಗಳು. ಒಂದು ಹಾಸು ತಡವಾದರೆ ಎಂಟು ಕೆಂಪು ಗುರುತು, ಎಂಟೂ ಅಕ್ಕನ ಹೆಸರಿನ ಮುಂದೆ. ಒಂದು ಮಳೆಗಾಲದಲ್ಲಿ ಸೀರೆ ಕಳಿಸುವುದು ಬಹಳ ತಡವಾಯಿತು. ‘ಹಾಸಿನ ಕೆಲಸವನ್ನು ಬೇರೆಯವರಿಗೆ ಕೊಡಿ’ ಎಂದು ಸಲಹೆಗಾರರು ಹೇಳಿಯೇಬಿಟ್ಟರು. ಅಕ್ಕನ ಸಂಸಾರ ನಡೆಯುತ್ತಿದ್ದುದು ಆ ಕೂಲಿಯಿಂದಲೇ.

ಆಕೆ ಸಿಟ್ಟಾಗಲಿಲ್ಲ. “ನನಗ ಓದಾಕ ಬರಂಗಿಲ್ಲವ್ವ. ಆದ್ರ ನೂಲು ನನ್ನ ಕೈಗಿ ಎಂದ ಬಂತು ಅಂತ ಎಣಿಸಾಕ ಬರ್ತದ” ಎಂದರು. ನೂಲು ಆಕೆಯ ಕೈ ಸೇರಿದ ದಿನ ನಮ್ಮ ತಂತ್ರಾಂಶದ ಯಾವ ಮನೆಯಲ್ಲೂ ಇರಲಿಲ್ಲ!

ಆಗ ನಾವು ಟ್ರೆಲ್ಲೊಗೆ ಬದಲಾದೆವು. 2011ರಲ್ಲಿ ಬಂದ ಈ ಸಾಧನ ಮೊಬೈಲಿನೊಳಗಿನ ಒಂದು ಹಲಗೆ ಇದ್ದಂತೆ. ಅದರ ಮೇಲೆ ಸಾಲುಗಳು, ಸಾಲಿನಲ್ಲಿ ಬೆರಳಿನಿಂದ ಸರಿಸಬಹುದಾದ ಚೀಟಿಗಳು. ಇದರ ಮೂಲ ವಿಚಾರ ಹಳೆಯದು. ಎರಡನೆಯ ಮಹಾಯುದ್ಧದ ನಂತರ ಜಪಾನಿನ ಟೊಯೋಟ ಕಾರ್ಖಾನೆಯಲ್ಲಿ ತೈಇಚಿ ಓನೊ ಎಂಬವರು ‘ಕಾನ್‌ಬಾನ್’ ಎಂಬ ಚೀಟಿಗಳ ಪದ್ಧತಿಯನ್ನು ರೂಪಿಸಿದರು. ಮುಂದಿನ ಹಂತದವರಿಗೆ ಬೇಕಾದಾಗ ಮಾತ್ರ ಹಿಂದಿನ ಹಂತದವರು ತಯಾರಿಸಬೇಕು ಎಂಬುದು ಅದರ ತಿರುಳು.

ನಾವು ಐದೇ ಸಾಲು ಮಾಡಿದೆವು: ಬಣ್ಣ, ಹಾಸು, ಮಗ್ಗ, ಮಡಿಕೆ, ಕಳಿಸಿದ್ದು. ಒಂದು ಸೀರೆಗಲ್ಲ, ಒಂದು ಹಾಸಿಗೆ ಒಂದು ಚೀಟಿ. ಓದಲು ಬಾರದವರಿಗಾಗಿ ಚೀಟಿಯ ಮೇಲೆ ಅಂಚಿನ ಫೋಟೊ. ನಿಯಮವೂ ಒಂದೇ: ಕೊಟ್ಟವರು ಚೀಟಿ ಸರಿಸುವಂತಿಲ್ಲ, ಸಾಮಾನು ಕೈಗೆ ಬಂದವರು ಸರಿಸಬೇಕು. ಹಳೆಯ ದಾಖಲೆಗಳನ್ನೆಲ್ಲ ಹೊತ್ತು ತರಲಿಲ್ಲ. ಆಗ ನಡೆಯುತ್ತಿದ್ದ ಒಂಬತ್ತು ಹಾಸುಗಳನ್ನಷ್ಟೇ ಒಂದು ಶನಿವಾರ ಸಂಜೆ ಎಲ್ಲರೂ ಕುಳಿತು ಬರೆದೆವು. ಮರುದಿನದಿಂದ ಹಳೆಯದರಲ್ಲಿ ಒಂದಕ್ಷರವನ್ನೂ ತುಂಬಲಿಲ್ಲ. ಎರಡೂ ಕಡೆ ಬರೆಯುತ್ತಾ ಹೋದರೆ ಯಾವುದನ್ನು ನಂಬಬೇಕೆಂಬ ಜಗಳ ತಪ್ಪದು.

ಎರಡೇ ವಾರದಲ್ಲಿ ವಿಷಯ ಕಣ್ಣಿಗೆ ಬಿತ್ತು. ಚೀಟಿಗಳು ಹಾಸಿನ ಸಾಲಿನಲ್ಲಿ ನಿಲ್ಲುತ್ತಲೇ ಇರಲಿಲ್ಲ. ಬಣ್ಣದ ಸಾಲಿನಲ್ಲಿ ಗುಂಪಾಗಿದ್ದವು. ಕಾಕಾ ಸೋಮಾರಿಯೆಂದೇ? ಅಲ್ಲ. ಮಳೆಯಲ್ಲಿ ಬಣ್ಣದ ನೂಲು ಒಣಗುತ್ತಿರಲಿಲ್ಲ, ನಾವು ಮಾತ್ರ ಬೇಡಿಕೆ ಒಪ್ಪಿಕೊಳ್ಳುತ್ತಲೇ ಇದ್ದೆವು. ಬಣ್ಣದ ಸಾಲಿನಲ್ಲಿ ಮೂರು ಚೀಟಿ ಇದ್ದರೆ ನಾಲ್ಕನೆಯದನ್ನು ಹಾಕಬಾರದೆಂದು ತೀರ್ಮಾನಿಸಿದೆವು. ಹೆಚ್ಚು ಕೇಳುವ ಬಣ್ಣಗಳ ನೂಲನ್ನು ಬೇಸಿಗೆಯಲ್ಲೇ ಸಿದ್ಧ ಮಾಡಿಟ್ಟೆವು. ಗಿರಾಕಿಗಳಿಗೆ ನಡೆಸಿಕೊಡಲಾಗುವ ದಿನವನ್ನೇ ಹೇಳತೊಡಗಿದೆವು. ಅಕ್ಕನನ್ನು ಬಿಡಿಸುವ ಮಾತು ಮತ್ತೆ ಬರಲಿಲ್ಲ.

ಕಳೆದುಕೊಂಡದ್ದೂ ಇದೆ. ತಿಂಗಳ ಕೊನೆಯ ಅಂದವಾದ ನಕ್ಷೆಗಳು ಈಗಿಲ್ಲ. ಕೂಲಿಯ ಲೆಕ್ಕವನ್ನು ಇಂದಿಗೂ ಪುಸ್ತಕದಲ್ಲೇ ಬರೆಯುತ್ತೇನೆ. ಗದ್ವಾಲದ ನೇಕಾರರ ಬದಲು ಅವರ ಮಗಳು ಚೀಟಿ ಸರಿಸುತ್ತಾಳೆ. ಆಕೆ ಊರಿನಲ್ಲಿಲ್ಲದ ದಿನ ಫೋನು ಮಾಡಬೇಕಾಗುತ್ತದೆ. ಆದರೆ ರಾತ್ರಿ ಊಟವಾದ ಮೇಲೆ ಮಕ್ಕಳ ಹತ್ತಿರ ಕೂರಲು ನನಗೆ ಸಮಯ ಸಿಕ್ಕಿದೆ.

ಪ್ರಿಯ ಓದುಗರೇ, ನೀವೂ ಸಂಘದ ಕೆಲಸಕ್ಕೋ ಮನೆಯ ಸಮಾರಂಭಕ್ಕೋ ಇಂಥ ಸಾಧನ ಆರಿಸುವವರಿದ್ದರೆ, ಅದರಲ್ಲಿ ಏನೇನಿದೆ ಎಂದು ಕೇಳುವ ಮೊದಲು ನಿಮ್ಮಲ್ಲಿ ಎಲ್ಲರಿಗಿಂತ ಕಡಿಮೆ ಓದಿದವರ ಕೈಗೆ ಅದನ್ನು ಕೊಟ್ಟು ನೋಡಿ. ಕೆಲಸ ಎಲ್ಲಿಗೆ ಬಂದಿದೆ ಎಂದು ಅವರು ಯಾರನ್ನೂ ಕೇಳದೆ ಹೇಳಬಲ್ಲರೇ? ಇಲ್ಲವಾದರೆ, ಇನ್ನೂ ಸರಳವಾದದ್ದನ್ನು ಹುಡುಕಿ. ಗೋಡೆಗೆ ತೂಗುಹಾಕಿದ ಕಪ್ಪು ಹಲಗೆಯಾದರೂ ಸಾಕು.