ತಳ್ಳುಗಾಡಿಗೂ ಒಂದು ಪರಿಮಾಣ

ಮೊಮ್ಮಗಳಿಗೊಂದು ತಳ್ಳುಗಾಡಿ ಬೇಕೆಂದಾಗ, ಕಲ್ಲಡ್ಕದ ನಮ್ಮ ಮನೆಯಲ್ಲಿ ಮಗನು ಸರ್ವಸೌಕರ್ಯಗಳ ಗಾಡಿಯನ್ನೂ ಸೊಸೆಯು ಅಗ್ಗದ್ದನ್ನೂ ಬಯಸಿದರು. ಬೆಲೆಗಿಂತ ಮೊದಲು ಅಗತ್ಯವನ್ನು ಅಳೆಯೋಣವೆಂದೆನು.

ಕೆಲವೆಡೆ ಉಳಿತಾಯ ಸಲ್ಲದು. ಹೆಗಲೆರಡು, ಸೊಂಟದ ಇಬ್ಬದಿ, ಕಾಲುಗಳ ನಡುವೆ ಹೀಗೆ 5 ಕಡೆ ಬಿಗಿಯುವ ಪಟ್ಟಿ, ಗಟ್ಟಿ ಬ್ರೇಕು, ತಾನಾಗಿ ಮಡಚಿಕೊಳ್ಳದಂತೆ ತಡೆಯುವ ಕೊಂಡಿ: ಇವು ಭೋಗವಲ್ಲ, ರಕ್ಷೆ. ಸುಮಾರು 6 ತಿಂಗಳವರೆಗೆ ಶಿಶುವು ಸಮತಟ್ಟಾಗಿ ಮಲಗುವಂತಿರಬೇಕು. ಹಿಡಿಕೆಗೆ ಭಾರದ ಚೀಲ ತೂಗಿಸಿದರೆ ಎಷ್ಟು ಬೆಲೆಯ ಗಾಡಿಯೂ ಹಿಂದಕ್ಕೆ ಮಗುಚೀತು.

ಉಳಿದುದನ್ನು ಬಳಕೆಯೇ ನಿರ್ಣಯಿಸಬೇಕು. 1965ರಲ್ಲಿ ಇಂಗ್ಲೆಂಡಿನ ವಿಮಾನ ಎಂಜಿನಿಯರ್ ಓವೆನ್ ಮೆಕ್ಲಾರೆನ್ ರೂಪಿಸಿದ, ಕೊಡೆಯಂತೆ ಮಡಚುವ ಅಲ್ಯೂಮಿನಿಯಂ ಗಾಡಿಯ ಬಗೆಯವು ಪ್ರಯಾಣಕ್ಕೆ ಹಗುರ. ಆದರೆ ನಮ್ಮ ಮುರಕಲ್ಲಿನ ಅಂಗಳದಲ್ಲಿ ಚಿಕ್ಕ ಚಕ್ರಗಳು ಸಿಲುಕುತ್ತವೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮೆಟ್ಟಿಲುಗಳನ್ನಂತೂ ಮಗುವು ತೋಳಿನಲ್ಲೇ ಏರಬೇಕು.

ಅಲ್ಪ ಆದಾಯದವರು ಬಂಧುಗಳು ಬಳಸಿದುದನ್ನು ಪಟ್ಟಿ, ಬ್ರೇಕು, ಕೊಂಡಿಗಳನ್ನು ಪರೀಕ್ಷಿಸಿ ತರಬಹುದು. ಮಧ್ಯಮ ವರ್ಗದವರಿಗೆ ಆಸನವು ಪೂರ್ಣ ಹಿಂದಕ್ಕೆ ಬಾಗುವ ಸಾದಾ ಗಾಡಿ ಸಾಕು. ಉಳ್ಳವರು ತೊಟ್ಟಿಲು ಜೋಡಿಸುವಂಥದನ್ನು ಕೊಳ್ಳಬಹುದು. ಆದರೆ ಲೋಟದ ಗೂಡು, ತೋರಿಕೆಯ ಹೆಸರುಗಳಿಗೆ ತೆರುವ ಹಣದಿಂದ ಮಗುವಿಗೇನೂ ದೊರೆಯದು. ಶ್ರಾವಕನ ಪರಿಗ್ರಹ ಪರಿಮಾಣ ವ್ರತವು ಕೊಳ್ಳಬೇಡವೆನ್ನುವುದಿಲ್ಲ, ಎಲ್ಲೆ ಹಾಕಿಕೊಳ್ಳೆನ್ನುತ್ತದೆ.

ನಾವು ದೊಡ್ಡ ಚಕ್ರಗಳ ಸಾದಾ ಗಾಡಿಯನ್ನು ಆರಿಸಿದೆವು. ಮಗುವಿನ ಕಾಲು ಬಲಿತ ಮೇಲೆ ಅದು ಅಟ್ಟ ಸೇರದೆ, ಇನ್ನೊಂದು ಮನೆಯ ಕೂಸಿಗೆ ಸಲ್ಲಬೇಕೆಂದು ಈಗಲೇ ನಿಶ್ಚಯಿಸಿದ್ದೇವೆ.