ಬಳೆ ಮಾರಿ ಷೇರು ಕೊಳ್ಳುವುದೇ?

ಇಪ್ಪತ್ತೆರಡು ವರ್ಷ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತವಳು ನಾನು. ಒಂದು ಹನಿ ರಕ್ತವನ್ನು ಗಾಜಿನ ಸ್ಲೈಡಿನ ಮೇಲೆ ತೆಳುವಾಗಿ ಎಳೆದು, ಒಣಗಿಸಿ, ಲೀಶ್‌ಮನ್ ಬಣ್ಣ ಹಾಕಿ ತೊಳೆದು, ನೂರು ಬಿಳಿ ರಕ್ತಕಣಗಳನ್ನು ಒಂದೊಂದಾಗಿ ಗುರುತಿಸಿ ಎಣಿಸಬೇಕು. ಹತ್ತು ಸ್ಲೈಡ್ ಮುಗಿಯುವಷ್ಟರಲ್ಲಿ ಕತ್ತು ಹಿಡಿದುಕೊಳ್ಳುತ್ತದೆ. ಈ ಕೆಲಸವನ್ನು ಈಗ ಯಂತ್ರವೇ ಮಾಡುತ್ತದೆಂದು ಅಕ್ಕನ ಮಗ ಹೇಳಿದಾಗ ನನಗೆ ಖುಷಿಯೇ ಆಯಿತು.

ಆದರೆ ಅವನು ಬಂದದ್ದು ಅಷ್ಟಕ್ಕೇ ಅಲ್ಲ. "ಖಾಲಾ, ನಿಮ್ಮ ಬಳೆಗಳು ಕಪಾಟಿನಲ್ಲಿ ಸುಮ್ಮನೆ ಬಿದ್ದಿವೆ. ಝಕಾತ್ ಕೊಡುವುದು ಬಿಟ್ಟರೆ ಅದರಿಂದ ಏನು ಬಂತು? ಮಾರಿ, ಇಂಥ ಯಂತ್ರ ಮಾಡುವ ಹೊಸ ಕಂಪೆನಿಯಲ್ಲಿ ಹಾಕಿ. ಬಡ್ಡಿಯಲ್ಲ, ಪಾಲುದಾರಿಕೆ" ಎಂದ. ಅವನ ಗೆಳೆಯನೊಬ್ಬ ಷೇರು ಕೊಡಿಸುತ್ತಾನಂತೆ. ತಿಂಗಳು ತಿಂಗಳು ಲಾಭ ಗ್ಯಾರಂಟಿಯಂತೆ.

ಯಂತ್ರದ ಮಾತೇನೋ ನಿಜ. 2015ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಿಗ್‌ಟಪಲ್ ಕಂಪೆನಿ ಎಐ100 ಎಂಬ ಯಂತ್ರ ತಯಾರಿಸಿದೆ. ಅದು ಸ್ಲೈಡನ್ನು ತಾನೇ ಸರಿಸುತ್ತಾ ಚಿತ್ರ ತೆಗೆದು, ಕಣಗಳನ್ನು ಬಗೆಬಗೆಯಾಗಿ ವಿಂಗಡಿಸಿ ಪರದೆಯ ಮೇಲಿಡುತ್ತದೆ. ತಜ್ಞ ವೈದ್ಯರು ದೂರದೂರಿನಲ್ಲಿ ಕುಳಿತೇ ನೋಡಿ ಒಪ್ಪಿಗೆ ಕೊಡಬಹುದು. (ನಾವು ಬಣ್ಣ ಕೆಡಿಸಿದರೆ ಯಂತ್ರವೂ ತಬ್ಬಿಬ್ಬಾಗುತ್ತದೆ, ಅದು ಬೇರೆ ಮಾತು.) ಆದರೆ ಅದಕ್ಕೆ ಬಂಡವಾಳ ಹಾಕಿದವರು ಆಕ್ಸೆಲ್‌ನಂಥ ದೊಡ್ಡ ಸಂಸ್ಥೆಗಳು. ಹತ್ತು ಕಡೆ ಹಾಕಿ ಏಳು ಕಡೆ ಮುಳುಗಿದರೂ ಅವರ ಮನೆಯ ಒಲೆ ಆರುವುದಿಲ್ಲ. ಸ್ವೀಡನ್ನಿನ ಲುಂಡ್ ನಗರದ ಸೆಲ್ಲಾವಿಷನ್ ಇದೇ ಕೆಲಸದ ಹಳೆಯ ಕಂಪೆನಿ. 1994ರಲ್ಲಿ ಹುಟ್ಟಿದ ಅದು ಷೇರುಪೇಟೆ ಮುಟ್ಟಿದ್ದು 2007ರಲ್ಲಿ. ಹದಿಮೂರು ವರ್ಷ! ನನ್ನ ಮಗಳ ಮದುವೆ ಅಷ್ಟು ಕಾಯುತ್ತದೆಯೇ?

ಲಾಭವಿರುವ ಪಾಲುದಾರಿಕೆಯಲ್ಲಿ ನಷ್ಟವೂ ಇರಲೇಬೇಕು. ಗ್ಯಾರಂಟಿ ಎಂದ ಕೂಡಲೇ ಅದು ಪಾಲುದಾರಿಕೆಯಾಗಿ ಉಳಿಯುವುದಿಲ್ಲ. 2019ರಲ್ಲಿ ಬೆಂಗಳೂರಿನ ಐಎಂಎ ಮುಳುಗಿದಾಗ ಹಲಾಲ್ ಎಂಬ ಒಂದೇ ಮಾತು ನಂಬಿ ಒಡವೆ ಮಾರಿದ್ದ ಹೆಂಗಸರು ಬೀದಿಯಲ್ಲಿ ಸಾಲುಗಟ್ಟಿ ದೂರು ಕೊಟ್ಟದ್ದನ್ನು ನಾವೆಲ್ಲ ನೋಡಿದ್ದೇವೆ. ಪ್ರೈವೇಟ್ ಲಿಮಿಟೆಡ್ ಕಂಪೆನಿಯೊಂದು ನಮ್ಮ ಷೇರು ಕೊಳ್ಳಿ ಎಂದು ಊರವರನ್ನೆಲ್ಲ ಕರೆಯುವಂತೆಯೂ ಇಲ್ಲ, ಅದು ಕಾನೂನು.

ಹುಡುಗ ಒಳ್ಳೆಯವನೇ. ಬೈಯಲಿಲ್ಲ, ಕೇಳಿದೆ ಅಷ್ಟೆ: "ರಸೀದಿ ಯಾರ ಹೆಸರಿನದು? ಕಂಪೆನಿಯ ದಫ್ತರದಲ್ಲಿ ನನ್ನ ಹೆಸರು ಬರುತ್ತದೆಯೇ? ಆ ಯಂತ್ರ ಕೊಂಡ ಒಂದಾದರೂ ಲ್ಯಾಬ್ ತೋರಿಸು, ಅಲ್ಲಿಯ ಟೆಕ್ನಿಷಿಯನ್ ಜೊತೆ ನಾನೇ ಮಾತಾಡುತ್ತೇನೆ. ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ?"

ಗೆಳೆಯನನ್ನು ಕೇಳಿ ಕಾಗದಪತ್ರ ತರುತ್ತೇನೆಂದು ಹೋದ. ಮೂರು ವಾರವಾಯಿತು.