ಊರಿದೆ, ಊರವರಿಲ್ಲ

ಭೂಪಟದಲ್ಲಿ ಕನ್ಯಾಕುಮಾರಿಯಿಂದ ಕೆಳಕ್ಕೆ ಬೆರಳು ಸರಿಸಿದರೆ, ಸುಮಾರು 1,800 ಕಿ.ಮೀ. ದೂರದಲ್ಲಿ ಡಿಯೇಗೋ ಗಾರ್ಸಿಯಾ ಸಿಗುತ್ತದೆ. ಹವಳದ ಪುಟ್ಟ ಜೀವಿಗಳು ಸಾವಿರಾರು ವರ್ಷ ದುಡಿದು ಕಟ್ಟಿದ ನೆಲವಿದು. ಒಂದು ಕಾಲಕ್ಕೆ ಇಲ್ಲಿ ತೆಂಗಿನ ತೋಟಗಳಿದ್ದವು, ಚರ್ಚಿತ್ತು, ಮಕ್ಕಳ ಗಲಾಟೆಯೂ ಇತ್ತು.

ಮಾರಿಷಸ್‌ಗೆ ಸ್ವಾತಂತ್ರ್ಯ ಕೊಟ್ಟದ್ದು 1968ರಲ್ಲಿ. ಅದಕ್ಕೂ ಮೂರು ವರ್ಷ ಮೊದಲೇ ಬ್ರಿಟನ್ ಈ ಚಾಗೋಸ್ ದ್ವೀಪಗಳನ್ನು ಅದರಿಂದ ಬೇರ್ಪಡಿಸಿತ್ತು. ಅಮೆರಿಕದ ಸೇನಾನೆಲೆಗಾಗಿ 1973ರ ಹೊತ್ತಿಗೆ ದ್ವೀಪವಾಸಿಗಳನ್ನೆಲ್ಲ ಹೊರಸಾಗಿಸಿತು. ತೆಂಗಿನ ಮರಗಳು ಉಳಿದವು. ಕಾಯಿ ಸುಲಿಯುತ್ತಿದ್ದ ಕೈಗಳು ಮಾರಿಷಸ್‌ನ ಕೊಳೆಗೇರಿಗಳಲ್ಲಿ ಕೆಲಸ ಹುಡುಕಿದವು.

ಬ್ರಿಟನ್ ಆಡಳಿತ ಕೊನೆಗೊಳ್ಳಬೇಕೆಂದು 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಅಭಿಪ್ರಾಯ ನೀಡಿತು. 2025ರ ಮೇ 22ರಂದು ಸಹಿಯಾದ ಒಪ್ಪಂದದಲ್ಲಿ ಒಡೆತನ ಮಾರಿಷಸ್‌ಗೆ, ಸೇನಾನೆಲೆ 99 ವರ್ಷ ಬ್ರಿಟನ್‌ಗೆ ಎಂದಾಯಿತು. ಮರುವಸತಿ ಉಳಿದ ದ್ವೀಪಗಳಲ್ಲಿ ಮಾತ್ರ. ಎರಡು ಸರ್ಕಾರಗಳು ರಾಜಿಯಾದ ಆ ಕಾಗದದಲ್ಲೂ ಡಿಯೇಗೋ ಗಾರ್ಸಿಯಾದವರಿಗೆ ಹುಟ್ಟೂರಿನ ದಾರಿ ತೆರೆಯಲಿಲ್ಲ.